ಪ್ಲೇಆಫ್‌ನಲ್ಲಿ ಜೋರ್ಡನ್ ದೊಡ್ಡವರಾ, ಲೆಬ್ರಾನ್ ದೊಡ್ಡವರಾ?

ಏಪ್ರಿಲ್ ಬಂತೆಂದರೆ ಸಂಜೆ ಕೋರ್ಟ್‌ಗೆ ಬರುವ ಹುಡುಗರು ನನ್ನನ್ನು ಬಿಡುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ಲೇಆಫ್, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಮುಂದಿನ ತಂಡಗಳು ಆಡುವ ನಾಕೌಟ್ ಸರಣಿಗಳು, ಶುರುವಾಗಿರುತ್ತದೆ. ಅಲ್ಲಿನ ರಾತ್ರಿ ಪಂದ್ಯ ನಮಗೆ ಬೆಳಗಿನ ಹೊತ್ತು, ಹಾಗಾಗಿ ಹಾಸಿಗೆಯಲ್ಲೇ ಮೊಬೈಲ್ ಹಿಡಿದು ನೋಡಿ ಮುಗಿಸಿರುತ್ತಾರೆ. "ಅಣ್ಣಾ, ನೀವು ಸ್ಕೋರ್ ಬರೆಯೋರು, ನೀವೇ ಹೇಳಿ. ಪ್ಲೇಆಫ್‌ನಲ್ಲಿ ಜೋರ್ಡನ್ ದೊಡ್ಡೋನಾ, ಲೆಬ್ರಾನ್ ದೊಡ್ಡೋನಾ? ನಂಬರ್ ಏನು ಹೇಳತ್ತೆ?" ನಿಂತಲ್ಲೇ ಒಂದು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಟೂರ್ನಿಗಳಲ್ಲಿ ಟೇಬಲ್ ಮುಂದೆ ಕೂತು ಸ್ಕೋರ್‌ಶೀಟ್ ತುಂಬುವವನು. ಆ ಹಾಳೆಯಲ್ಲಿ ಎರಡು ಪಾಯಿಂಟ್ ಬಿದ್ದರೆ ಅಂಕಿಯ ಮೇಲೆ ಒಂದು ಓರೆಗೆರೆ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಒಂದು ಪಾಯಿಂಟ್‌ನ ಶಾಟ್) ಬಿದ್ದರೆ ಒಂದು ದಪ್ಪ ಚುಕ್ಕೆ, ಮೂರು ಪಾಯಿಂಟ್ ಆದರೆ ಆಟಗಾರನ ನಂಬರ್‌ಗೆ ಸುತ್ತು. ಫೌಲ್‌ಗೆ ಜಾಗವಿದೆ, ಟೈಮ್‌ಔಟ್‌ಗೆ ಜಾಗವಿದೆ. ರಿಂಗಿಗೆ ಬಡಿದು ಆಚೆ ಹೋದ ಶಾಟ್‌ಗೆ ಮಾತ್ರ ಎಲ್ಲೂ ಜಾಗವಿಲ್ಲ. ಇಪ್ಪತ್ತು ಶಾಟ್ ಹಾಳು ಮಾಡಿ ಇಪ್ಪತ್ತು ಪಾಯಿಂಟ್ ಹೊಡೆದವನೂ, ಐದೇ ಶಾಟ್ ಹಾಳು ಮಾಡಿ ಇಪ್ಪತ್ತು ಹೊಡೆದವನೂ ನನ್ನ ಹಾಳೆಯಲ್ಲಿ ಒಂದೇ ಥರ ಕಾಣುತ್ತಾರೆ. ಪಂದ್ಯಕ್ಕೆ ಇಷ್ಟು ಪಾಯಿಂಟ್ ಎಂಬ ಸರಾಸರಿ ಇದ್ದಾಗಲೆಲ್ಲ ನನಗೆ ಕಾಡುವುದು ಇದೇ.

ಹುಡುಗರು ತರುವ ಅಂಕಿ ಸರಿಯಾಗಿಯೇ ಇರುತ್ತದೆ. ಮೈಕಲ್ ಜೋರ್ಡನ್ 179 ಪ್ಲೇಆಫ್ ಪಂದ್ಯಗಳಲ್ಲಿ ಹೊಡೆದದ್ದು 5,987 ಪಾಯಿಂಟ್, ಅಂದರೆ ಪಂದ್ಯಕ್ಕೆ 33.4. ಆ ಸರಾಸರಿಯನ್ನು ಇನ್ನೂ ಯಾರೂ ದಾಟಿಲ್ಲ. ಲೆಬ್ರಾನ್ ಜೇಮ್ಸ್ 2025ರ ವರೆಗೆ 292 ಪಂದ್ಯ ಆಡಿ ಎಂಟು ಸಾವಿರ ಪಾಯಿಂಟ್ ದಾಟಿದ್ದಾರೆ, ಸರಾಸರಿ 28.4. ಒಟ್ಟು ನೋಡಿದರೆ ಲೆಬ್ರಾನ್, ಸರಾಸರಿ ನೋಡಿದರೆ ಜೋರ್ಡನ್. ಜಗಳ ಇಲ್ಲೇ ಶುರುವಾಗಿ ಇಲ್ಲೇ ನಿಲ್ಲುತ್ತದೆ.

ಎರಡು ಪಂದ್ಯಗಳನ್ನು ಹತ್ತಿರದಿಂದ ನೋಡೋಣ. 1986ರ ಏಪ್ರಿಲ್ 20, ಬೋಸ್ಟನ್ ಗಾರ್ಡನ್. ಆ ಸೀಸನ್‌ನಲ್ಲಿ ಪಾದದ ಮೂಳೆ ಮುರಿದುಕೊಂಡು ಬರೀ 18 ಲೀಗ್ ಪಂದ್ಯ ಆಡಿದ್ದ ಜೋರ್ಡನ್, 67 ಪಂದ್ಯ ಗೆದ್ದಿದ್ದ ಸೆಲ್ಟಿಕ್ಸ್ ಎದುರು 63 ಪಾಯಿಂಟ್ ಹೊಡೆದರು. 41 ಶಾಟ್‌ಗಳಲ್ಲಿ 22 ಬಿದ್ದವು, 21 ಫ್ರೀ ಥ್ರೋಗಳಲ್ಲಿ 19. ಇನ್ನೊಂದು 2019ರ ಮೇ 12, ಟೊರಾಂಟೊ, ಫಿಲಡೆಲ್ಫಿಯಾ ಎದುರಿನ ಸರಣಿಯ ಕೊನೆಯ, ನಿರ್ಣಾಯಕ ಏಳನೇ ಪಂದ್ಯ. ಸ್ಕೋರ್ 90-90. ಟೊರಾಂಟೊದ ಕವಾಯ್ ಲೆನಾರ್ಡ್ ಮೂಲೆಯಿಂದ ಎತ್ತಿದ ಶಾಟ್ ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಅವರ ಲೆಕ್ಕ 41 ಪಾಯಿಂಟ್, 39 ಶಾಟ್‌ಗಳಲ್ಲಿ 16, ಎಂಟು ಫ್ರೀ ಥ್ರೋಗಳಲ್ಲಿ ಏಳು.

ಹಾಳಾದ ಶಾಟ್‌ಗಳನ್ನೂ ಲೆಕ್ಕಕ್ಕೆ ತರಲು ಈಗ ಪೆನ್ನು ಹಿಡಿಯಿರಿ. ಪ್ರತಿ ಫ್ರೀ ಥ್ರೋವನ್ನು 0.44 ಶಾಟ್ ಎಂದು ಹಿಡಿಯುತ್ತಾರೆ. ಎರಡೆರಡಾಗಿ ಸಿಗುವುದರಿಂದ ಅರ್ಧ ಅನ್ನಬಹುದಿತ್ತು. ಆದರೆ ಶಾಟ್ ಬಿದ್ದ ಮೇಲೆ ಹೆಚ್ಚುವರಿಯಾಗಿ ಸಿಗುವ ಒಂದು, ಟೆಕ್ನಿಕಲ್ ಫೌಲಿನದು (ಅಶಿಸ್ತಿಗೆ ಕೊಡುವ ಫೌಲ್), ಇವೆಲ್ಲ ಸೇರಿ ಅರ್ಧಕ್ಕಿಂತ ತುಸು ಕಡಿಮೆಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಜೋರ್ಡನ್ ಬಳಸಿದ್ದು ಸುಮಾರು 50 ಅವಕಾಶ, ಪ್ರತಿ ಅವಕಾಶಕ್ಕೆ ಬಂದದ್ದು 1.25 ಪಾಯಿಂಟ್. ಲೆನಾರ್ಡ್ ಬಳಸಿದ್ದು ಸುಮಾರು 42.5, ಬಂದದ್ದು 0.96. ಇದನ್ನು ಎರಡರಿಂದ ಭಾಗಿಸಿ ಶೇಕಡಾ ಮಾಡಿದರೆ ಸಿಗುವುದೇ ಟ್ರೂ ಶೂಟಿಂಗ್: ಒಬ್ಬರಿಗೆ 62.7, ಇನ್ನೊಬ್ಬರಿಗೆ 48.2. ಜೋರ್ಡನ್ ಅವರ ತಂಡ ಎರಡು ಓವರ್‌ಟೈಮ್ ಆಡಿ 135-131ಕ್ಕೆ ಸೋತಿತು. ಲೆನಾರ್ಡ್ ಅವರ ತಂಡ ಗೆದ್ದು, ಮುಂದೆ ಚಾಂಪಿಯನ್ ಆಯಿತು. ಸೋಲು ಗೆಲುವು ಮರೆತು ಕೇಳಿದರೆ, ಯಾವ ಆಟ ದೊಡ್ಡದು ಎಂಬುದಕ್ಕೆ ನನ್ನಲ್ಲಿ ಎರಡನೇ ಮಾತಿಲ್ಲ. ಆದರೆ ನಾಲ್ಕು ಸಲ ಪುಟಿದ ಆ ಚೆಂಡನ್ನು ಇವತ್ತು ನೋಡಿದರೂ ನಾನು ಉಸಿರು ಬಿಗಿಹಿಡಿಯುತ್ತೇನೆ.

1986ರದ್ದೇ ಇನ್ನೊಂದು ಅಂಕಿ. ಆ ವರ್ಷದ ಪ್ಲೇಆಫ್‌ನಲ್ಲಿ ಜೋರ್ಡನ್ ಸರಾಸರಿ 43.7, ಯಾವುದೇ ಒಂದು ವರ್ಷದ ಪಟ್ಟಿ ತೆಗೆದರೂ ತುದಿಯಲ್ಲಿ ನಿಲ್ಲುತ್ತದೆ. ಒಟ್ಟು ಮೂರೇ ಪಂದ್ಯ: 49, 63, 19. ಮೂರನ್ನೂ ಸೋತರು. 1965ರಲ್ಲಿ ಜೆರ್ರಿ ವೆಸ್ಟ್ 11 ಪಂದ್ಯ ಆಡಿ 40.6 ಉಳಿಸಿಕೊಂಡದ್ದು ನನ್ನ ಕಣ್ಣಿಗೆ ಅದಕ್ಕಿಂತ ಭಾರ.

ಸರಾಸರಿಯಿಂದ ಅತಿ ಹೆಚ್ಚು ಅನ್ಯಾಯವಾಗಿರುವುದು 1960ರ ದಶಕದ ದೈತ್ಯ ಆಟಗಾರ ವಿಲ್ಟ್ ಚೇಂಬರ್ಲಿನ್‌ಗೆ. ಲೀಗ್ ಪಂದ್ಯಗಳಲ್ಲಿ 30.1, ಪ್ಲೇಆಫ್‌ನಲ್ಲಿ 22.5. "ದೊಡ್ಡ ಪಂದ್ಯದಲ್ಲಿ ಕೈಕೊಡ್ತಿದ್ದ" ಎಂಬ ಮಾತು ಇಲ್ಲಿಂದಲೇ ಹುಟ್ಟಿದ್ದು. ಆದರೆ ಆ 160 ಪ್ಲೇಆಫ್ ಪಂದ್ಯಗಳು ಯಾವಾಗ ಆಡಿದವು ನೋಡಿ. ಸುಮಾರು ಅರ್ಧ ಲೇಕರ್ಸ್ ತಂಡದ ಪರವಾಗಿ, ಅವರ ಕೊನೆಯ ಐದು ಸೀಸನ್‌ಗಳಲ್ಲಿ. ಆ ಹೊತ್ತಿಗೆ ಅವರ ಕೆಲಸ ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಹಿಡಿಯುವುದು, ರಿಂಗ್ ಕಾಯುವುದು. 1971-72ರಲ್ಲಿ ಲೀಗ್ ಪಂದ್ಯಗಳಲ್ಲೇ ಅವರು ಹೊಡೆಯುತ್ತಿದ್ದುದು 14.8, ಅದೇ ವರ್ಷ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಬಂತು. ಪಂದ್ಯಕ್ಕೆ 50.4 ಹೊಡೆದ 1961-62ರ ಹುರುಪಿನ ವರ್ಷ ಲೀಗ್‌ನ ಲೆಕ್ಕದಲ್ಲಿ 80 ಪಂದ್ಯಗಳ ತೂಕ ಪಡೆಯುತ್ತದೆ, ಪ್ಲೇಆಫ್ ಲೆಕ್ಕದಲ್ಲಿ ಹನ್ನೆರಡರ ತೂಕ ಮಾತ್ರ. ಆ ವರ್ಷ ಪ್ಲೇಆಫ್‌ನಲ್ಲಿ 35.0ಕ್ಕೆ ಇಳಿದದ್ದು ನಿಜ. ಎದುರಿಗಿದ್ದ ಗೋಡೆ ಸೆಲ್ಟಿಕ್ಸ್‌ನ ಬಿಲ್ ರಸೆಲ್. ರಸೆಲ್ ಅವರ ಸೆಲ್ಟಿಕ್ಸ್ ಎದುರು ವಿಲ್ಟ್ ಎಂಟು ಸರಣಿ ಆಡಿ ಗೆದ್ದದ್ದು ಒಂದೇ, 1967ರಲ್ಲಿ. ಇಳಿದಿದ್ದಾರೆ ಎಂದು ಒಪ್ಪುತ್ತೇನೆ, 22.5ರ ಮಟ್ಟಿಗೆ ಇಳಿದರು ಎಂಬುದನ್ನು ಒಪ್ಪುವುದಿಲ್ಲ.

ಇದೇ ತಕ್ಕಡಿಯಲ್ಲಿ ಜೋರ್ಡನ್ ಅವರನ್ನೂ ತೂಗಬೇಕು. ಲೀಗ್‌ನಲ್ಲಿ 30.1, ಪ್ಲೇಆಫ್‌ನಲ್ಲಿ 33.4, ಮೂರಕ್ಕಿಂತ ಹೆಚ್ಚು ಏರಿಕೆ ಅನ್ನುತ್ತಾರೆ. ಆದರೆ ನಲವತ್ತರ ಆಸುಪಾಸಿನಲ್ಲಿ ವಾಷಿಂಗ್ಟನ್ ವಿಝರ್ಡ್ಸ್ ತಂಡಕ್ಕೆ ಆಡಿದ ಎರಡು ವರ್ಷ ಲೀಗ್ ಸರಾಸರಿಯನ್ನು ಕೆಳಕ್ಕೆ ಎಳೆದಿವೆ, ಆ ತಂಡ ಪ್ಲೇಆಫ್ ತಲುಪಲೇ ಇಲ್ಲ. ಅದಕ್ಕೂ ಮೊದಲು ಚಿಕಾಗೊ ಬುಲ್ಸ್ ತಂಡಕ್ಕೆ ಆಡಿದ ವರ್ಷಗಳನ್ನು ಮಾತ್ರ ತೆಗೆದುಕೊಂಡರೆ 31.5. ಅಂದರೆ ನಿಜವಾದ ಏರಿಕೆ ಸುಮಾರು ಎರಡು ಪಾಯಿಂಟ್. ಅದೂ ಸಣ್ಣದಲ್ಲ, ಏಕೆಂದರೆ ಪ್ಲೇಆಫ್‌ನಲ್ಲಿ ದುರ್ಬಲ ತಂಡಗಳು ಇರುವುದಿಲ್ಲ, ಎದುರಾಳಿ ಒಂದು ವಾರ ನಿಮ್ಮೊಬ್ಬರನ್ನೇ ಅಭ್ಯಾಸ ಮಾಡಿಕೊಂಡು ಬಂದಿರುತ್ತದೆ. ಲೆಬ್ರಾನ್ 2025ರ ವರೆಗಿನ ಲೆಕ್ಕದಲ್ಲಿ 27.0ರಿಂದ 28.4ಕ್ಕೆ ಏರಿದ್ದಾರೆ, ಅದರಲ್ಲಿ ನಲವತ್ತನೇ ವಯಸ್ಸಿನ ಪಂದ್ಯಗಳೂ ಸೇರಿವೆ. ಜೋರ್ಡನ್ ಕಾಲದಲ್ಲಿ ಮೊದಲ ಸುತ್ತು ಐದು ಪಂದ್ಯದ್ದು, 2003ರಿಂದ ಏಳರದ್ದು. ಆದ್ದರಿಂದ ಒಟ್ಟು ಪಾಯಿಂಟ್‌ಗಳನ್ನು ಪಕ್ಕಪಕ್ಕ ಇಟ್ಟು ವಾದ ಮಾಡುವವರ ಜೊತೆ ನಾನು ಕೂರುವುದಿಲ್ಲ.

ಲೆಬ್ರಾನ್ ಅವರ ಎರಡು ಫೈನಲ್ಸ್ ನೋಡಿ, ಎರಡೂ ಗೋಲ್ಡನ್ ಸ್ಟೇಟ್ ತಂಡದ ಎದುರೇ. 2015ರಲ್ಲಿ 35.8 ಪಾಯಿಂಟ್, 13.3 ರೀಬೌಂಡ್, 8.8 ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯಲು ಕೊಟ್ಟ ಪಾಸ್). ಆದರೆ ಶಾಟ್ ಬಿದ್ದದ್ದು ನೂರಕ್ಕೆ ನಲವತ್ತಕ್ಕಿಂತ ಕಡಿಮೆ. ಜೊತೆಗಾರ ಕೆವಿನ್ ಲವ್ ಇರಲಿಲ್ಲ, ಇನ್ನೊಬ್ಬ ಜೊತೆಗಾರ ಕೈರಿ ಅರ್ವಿಂಗ್ ಮೊದಲ ಪಂದ್ಯದಲ್ಲೇ ಗಾಯಗೊಂಡರು, ಚೆಂಡು ಕೊಡಲು ಬೇರೆ ಕೈ ಇರಲಿಲ್ಲ. 2016ರಲ್ಲಿ ಪಾಯಿಂಟ್ 29.7ಕ್ಕೆ ಇಳಿಯಿತು, ಆಟ ಏರಿತು. ಲೀಗ್‌ನಲ್ಲಿ 73 ಪಂದ್ಯ ಗೆದ್ದ ತಂಡದೆದುರು 3-1 ಹಿಂದಿದ್ದು ಗೆದ್ದ ಆ ಸರಣಿಯಲ್ಲಿ ಪಾಯಿಂಟ್, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), ಈ ಐದರಲ್ಲೂ ಎರಡೂ ತಂಡಗಳಿಗೆ ಮೊದಲಿಗರು ಅವರೇ. ಪಾಯಿಂಟ್ ಒಂದನ್ನೇ ನೋಡುವವರಿಗೆ 2015 ದೊಡ್ಡದಾಗಿ ಕಾಣುತ್ತದೆ.

ಹುಡುಗರಿಗೆ ನಾನು ಹೇಳುವುದು ಇಷ್ಟು. ಪ್ಲೇಆಫ್‌ನಲ್ಲಿ ಪಾಯಿಂಟ್ ಹೊಡೆಯುವುದರಲ್ಲಿ ಜೋರ್ಡನ್, ಪಕ್ಕದಲ್ಲಿ ಯಾರೂ ಇಲ್ಲ. 1993ರ ಫೈನಲ್ಸ್‌ನಲ್ಲಿ ಆರು ಪಂದ್ಯಕ್ಕೆ ಸರಾಸರಿ 41 ಹೊಡೆದರು, ಅದು ಈಗಲೂ ದಾಖಲೆ. ಒಂದು ಸರಣಿಯಲ್ಲಿ ಒಬ್ಬನೇ ಆಟಗಾರ ಮಾಡಬಹುದಾದ ಎಲ್ಲ ಕೆಲಸವನ್ನೂ ಮಾಡಿ ತೋರಿಸಿದ್ದು ಕೇಳಿದರೆ 2016ರ ಲೆಬ್ರಾನ್. ಎಲ್ಲವನ್ನೂ ಸೇರಿಸಿ ಒಬ್ಬರನ್ನೇ ಆರಿಸು ಎಂದರೆ ಜೋರ್ಡನ್, ಆರು ಫೈನಲ್ಸ್‌ನಲ್ಲಿ ಆರನ್ನೂ ಗೆದ್ದರು ಎಂಬ ಕಾರಣಕ್ಕಲ್ಲ, ಅಷ್ಟು ಶಾಟ್ ಎತ್ತಿಯೂ ಅಷ್ಟು ಕಡಿಮೆ ಹಾಳು ಮಾಡಿದ್ದಕ್ಕೆ.

ಇದಕ್ಕೆ ಹೋದ ವಾರ ಒಬ್ಬ ಹುಡುಗ, "ಹಂಗಾದ್ರೆ ರಸೆಲ್ ಅಣ್ಣಾ?" ಅಂದ. 13 ಸೀಸನ್‌ನಲ್ಲಿ 11 ಚಾಂಪಿಯನ್‌ಶಿಪ್, ಏಳನೇ ಪಂದ್ಯ ಹತ್ತು ಸಲ ಆಡಿ ಹತ್ತೂ ಸಲ ಗೆಲುವು. 1962ರ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ 30 ಪಾಯಿಂಟ್, 40 ರೀಬೌಂಡ್. ಆದರೆ ಎನ್‌ಬಿಎ ಬ್ಲಾಕ್ ಎಣಿಸಲು ಶುರು ಮಾಡಿದ್ದೇ 1973-74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ಅವರು ಯಾವ ಕೆಲಸದಲ್ಲಿ ಎಲ್ಲರಿಗಿಂತ ದೊಡ್ಡವರೋ ಅದಕ್ಕೆ ಹಾಳೆಯಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಜೋರ್ಡನ್ ಎಂದು ನಾನು ಹೇಳಿದ್ದು 1973-74ರಿಂದ ಈಚೆಗಿನ ಮಾತು. ರಸೆಲ್ ಅವರನ್ನು ಆ ಪಟ್ಟಿಯಲ್ಲಿ ನಾನು ಎಲ್ಲೂ ಕೂರಿಸುವುದಿಲ್ಲ, ಕೆಳಗಂತೂ ಅಲ್ಲ.