ಉಳಿಗೆ ಬಗ್ಗದ ಕಲ್ಲು

ಜೇಡ್ ಕಲ್ಲನ್ನು ಯಾರೂ ಉಳಿ ಹಿಡಿದು ಕೆತ್ತುವುದಿಲ್ಲ. ಉಕ್ಕಿನ ಚೂರಿಗೂ ಅದರ ಮೇಲೆ ಗೀರು ಬೀಳದು. ಚೀನಾದ ಕುಶಲಿಗರು ಕಾಲಲ್ಲಿ ತುಳಿದು ಕಬ್ಬಿಣದ ಬಿಲ್ಲೆ ತಿರುಗಿಸುತ್ತಿದ್ದರು, ಅದಕ್ಕೆ ಒದ್ದೆ ಮರಳು ಹಾಕುತ್ತಿದ್ದರು. ಕಲ್ಲನ್ನು ತೇಯುತ್ತಿದ್ದದ್ದು ಬಿಲ್ಲೆಯಲ್ಲ, ಮರಳು. ಚಿನ್ನದಂಥ ಮೆತ್ತನೆಯ ಲೋಹದ ಜೊತೆ ಬದುಕುವ ನನಗೆ ಇದು ಹುಚ್ಚು ಕೆಲಸ ಅನಿಸುತ್ತದೆ.

ಒಳ್ಳೆಯ ಕಲ್ಲು ಈಗಿನ ಚೀನಾದ ಪಶ್ಚಿಮ ಭಾಗದ ಖೋತಾನಿನ ಹೊಳೆಗಳಿಂದ ಬರುತ್ತಿತ್ತು. ಹೊಳೆಯ ಗುಂಡುಕಲ್ಲಿಗೆ ಕೆಲವೊಮ್ಮೆ ಕಂದು ಸಿಪ್ಪೆ ಇರುತ್ತದೆ. ಜಾಣರು ಅದನ್ನು ತೆಗೆಯದೆ ಮೂರ್ತಿಯ ಸೆರಗಿಗೋ ಕಾಲಡಿಯ ಬಂಡೆಗೋ ಉಳಿಸುತ್ತಿದ್ದರು. ಕಲ್ಲು ದುಬಾರಿ, ಹಾಳು ಮಾಡುವ ಹಾಗಿಲ್ಲ. ಎಷ್ಟೋ ಮೂರ್ತಿಗಳು ಕೈಕಾಲು ಮಡಚಿ ಮುದುಡಿ ಕೂತಿರುವುದು ಅದಕ್ಕೇ. ದೊಡ್ಡ ಕೆಲಸ ಇಲ್ಲವೆಂದಲ್ಲ. 1787ರಲ್ಲಿ ಮುಗಿದ, ಸುಮಾರು 5 ಟನ್ ತೂಕದ ಜೇಡ್ ಬೆಟ್ಟದ ಶಿಲ್ಪ ಬೀಜಿಂಗಿನ ಅರಮನೆಯಲ್ಲಿ ಈಗಲೂ ಇದೆ.

ಮೊನ್ನೆ ಬದಿಯಡ್ಕದ ನಮ್ಮ ಅಂಗಡಿಗೆ, ದುಬೈಯಿಂದ ರಜೆಗೆ ಬಂದ ಹುಡುಗಿಯೊಬ್ಬಳು ಚೀನಾದ ಬೌದ್ಧರ ಕರುಣೆಯ ದೇವಿ ಗ್ವಾನ್‌ಯಿನ್‌ಳ ಪುಟ್ಟ ಹಸಿರು ಮೂರ್ತಿ ತಂದಳು. "ಆಚಾರ್ರೇ, ಇದು ಅಸಲಿ ಜೇಡಾ? ಒಂದು ತೂತು ಹಾಕಿ ಕೊಡ್ತೀರಾ, ಸರಕ್ಕೆ ಹಾಕ್ಲಿಕ್ಕೆ?" ತಕ್ಕಡಿಯಲ್ಲಿ 12 ಗ್ರಾಂ. ನೂಲು ಕಟ್ಟಿ ನೀರಲ್ಲಿ ಇಳಿಸಿ ತೂಗಿದರೆ 8 ಗ್ರಾಂ. ಕಮ್ಮಿಯಾದ 4 ಗ್ರಾಂ ಅಷ್ಟೇ ಗಾತ್ರದ ನೀರಿನ ತೂಕ. ಅಂದರೆ ಕಲ್ಲು ನೀರಿನ 3 ಪಟ್ಟು ಭಾರ, ನೆಫ್ರೈಟ್ ಎಂಬ ಬಗೆಯ ಜೇಡಿಗೆ ಸರಿಹೊಂದುವ ಲೆಕ್ಕ. ಗಾಜಾಗಿದ್ದರೆ ಸಾಮಾನ್ಯವಾಗಿ ಎರಡೂವರೆ ಪಟ್ಟು. ಅಡಿಭಾಗದಲ್ಲಿ ಚೂರಿಯ ಮೊನೆಗೂ ಗೀರು ಬೀಳಲಿಲ್ಲ. ತೂತು ಮಾತ್ರ ಹಾಕುವುದಿಲ್ಲ ಅಂದೆ. ನನ್ನ ಡ್ರಿಲ್ ಸುಮ್ನೆ ಜಾರುತ್ತದೆ, ವಜ್ರದ ಮೊನೆ ಬೇಕು. ಸುತ್ತ ಚಿನ್ನದ ಪಟ್ಟಿ ಕಟ್ಟಿಕೊಟ್ಟೆ.

ಈ ಗ್ವಾನ್‌ಯಿನ್ ನಮಗೆ ದೂರದವಳಲ್ಲ. ಇಲ್ಲಿಂದ ಹೋದ ಬೋಧಿಸತ್ವ ಅವಲೋಕಿತೇಶ್ವರನೇ ಅಲ್ಲಿ ಸೋಂಗ್ ಅರಸರ ಕಾಲದಿಂದೀಚೆ ನಿಧಾನವಾಗಿ ಹೆಣ್ಣಾದದ್ದು. ಆ ವಂಶ ಶುರುವಾದದ್ದು 960ರಲ್ಲಿ. ನಮ್ಮ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಆಳುಪ ಅರಸ ಕುಂದವರ್ಮ ಲೋಕೇಶ್ವರನ, ಅಂದರೆ ಇದೇ ಅವಲೋಕಿತೇಶ್ವರನ, ಕಂಚಿನ ಮೂರ್ತಿ ಇಡಿಸಿದ್ದು 968ರಲ್ಲಿ. ಕದ್ರಿಗೆ ಹೋದಾಗಲೆಲ್ಲ ನಾನು ಅದರ ಬೆರಳುಗಳನ್ನೇ ಜಾಸ್ತಿ ನೋಡುವುದು, ಕಸುಬಿನ ಚಾಳಿ!

ಎರಕದವನಿಗೆ ಒಂದು ಅನುಕೂಲ ಇದೆ. ಮೇಣದ ಅಚ್ಚಿನಲ್ಲಿ ಮೂಗು ಸಣ್ಣದಾದರೆ ಇನ್ನಷ್ಟು ಮೇಣ ಮೆತ್ತಬಹುದು. ಆ ಕಾಲದ ಜೇಡಿನವನು ಮೂಗನ್ನು ಕೂದಲೆಳೆಯಷ್ಟು ಹೆಚ್ಚು ತೇದರೂ ಕೆನ್ನೆ, ತುಟಿ, ಹಣೆ ಎಲ್ಲವನ್ನೂ ಅದಕ್ಕೆ ಸರಿಯಾಗಿ ಮತ್ತೆ ತೇಯಬೇಕಿತ್ತು, ಅದೇ ಒದ್ದೆ ಮರಳಲ್ಲಿ.