ದೇವದೂತನ ಜೊತೆ ನಡೆದ ನಾಯಿ

2024 ನವೆಂಬರ್ 17, ಭಾನುವಾರ

ಬೆಳಗ್ಗೆಯಿಂದ ಬೀಡ್ ಬರೆದದ್ದನ್ನೇ ಓದುತ್ತಾ ಕೂತಿದ್ದೇನೆ. ಉತ್ತರ ಇಂಗ್ಲೆಂಡಿನ ಜ್ಯಾರೋ ಮಠದ ಸನ್ಯಾಸಿ ಈತ. 7 ವರ್ಷದ ಹುಡುಗನಾಗಿದ್ದಾಗಲೇ ಮಠಕ್ಕೆ ಬಂದವನು, 735ರಲ್ಲಿ ತೀರಿಕೊಳ್ಳುವವರೆಗೂ ಓದಿದ, ಬರೆದ, ಪಾಠ ಹೇಳಿದ. ಇವತ್ತು ನನ್ನನ್ನು ಹಿಡಿದು ಕೂರಿಸಿದ್ದು ಅವನು ಒಂದು ನಾಯಿಯ ಬಗ್ಗೆ ಬರೆದ ಕೆಲವೇ ಸಾಲುಗಳು.

ಆ ನಾಯಿ ಇರುವುದು ಕ್ಯಾಥೊಲಿಕ್ ಬೈಬಲ್ಲಿನಲ್ಲಿರುವ ತೋಬಿತನ ಕಥೆಯಲ್ಲಿ. ಮುದುಕ ತೋಬಿತನಿಗೆ ಕಣ್ಣು ಕಾಣದು. ಬರಬೇಕಾದ ಹಣ ತರಲು ಮಗನನ್ನು ದೂರದ ಊರಿಗೆ ಕಳಿಸುತ್ತಾನೆ. ದಾರಿಗೆ ಜೊತೆಯಾಗಿ ಒಬ್ಬ ಸಿಗುತ್ತಾನೆ. ಅವನು ರಫಾಯೆಲ್ ಎಂಬ ದೇವದೂತ, ಆದರೆ ಅದು ಮನೆಯವರಿಗೆ ಗೊತ್ತಿಲ್ಲ. ಇಬ್ಬರ ಹಿಂದೆ ಮನೆಯ ನಾಯಿಯೂ ಹೊರಡುತ್ತದೆ. ಆಮೇಲೆ ಅದರ ಸುದ್ದಿಯೇ ಇಲ್ಲ. ವಾಪಸ್ ಬರುವಾಗ ಮಾತ್ರ ಎಲ್ಲರಿಗಿಂತ ಮುಂದೆ ಓಡಿ ಬಂದು, ಸುದ್ದಿ ತಂದವರ ಹಾಗೆ ಬಾಲ ಅಲ್ಲಾಡಿಸಿ ಸಂತೋಷಪಡುತ್ತದೆ. ಈ ಬಾಲದ ಮಾತು ಬರುವುದು ಬೀಡ್‌ಗಿಂತ ಹಿಂದಿನ ಕ್ರೈಸ್ತ ವಿದ್ವಾಂಸ ಜೆರೋಮ್ ಮಾಡಿದ ಲ್ಯಾಟಿನ್ ಅನುವಾದದಲ್ಲಿ. ಒಂದೇ ದಿನದ ಕೆಲಸ ಅದು ಅಂತ ಅವನೇ ಹೇಳಿಕೊಂಡಿದ್ದಾನೆ. ಬೀಡ್ ಓದಿದ್ದೂ ಅದನ್ನೇ.

ನಾವು ನಾಯಿಪಾಡು ಅನ್ನುವ ಹಾಗೆ, ಬೈಬಲ್ಲಿನಲ್ಲೂ ನಾಯಿ ಅಂದರೆ ಹೆಚ್ಚಾಗಿ ಬೈಗುಳವೇ. ಕಕ್ಕಿದ್ದನ್ನೇ ಮತ್ತೆ ತಿನ್ನುವ ನಾಯಿ ಅನ್ನುವ ಮಾತು ಮಠಗಳ ಬರಹದಲ್ಲಿ ಜಾಸ್ತಿ ಸಿಗುತ್ತದೆ: ತಪ್ಪಿಗೆ ಅತ್ತು, ಮರುದಿನ ಅದೇ ತಪ್ಪು ಮಾಡುವವನು ಅಂತ. ಯೆಶಾಯನ ಗ್ರಂಥದಲ್ಲಿ ಬೊಗಳಲಾರದ ಮೂಕ ನಾಯಿಗಳಿವೆ. ಸನ್ಯಾಸಿಯಾಗಿದ್ದು 590ರಲ್ಲಿ ಪೋಪ್ ಆದ ಗ್ರೆಗರಿ, ಹೇಳಬೇಕಾದಾಗ ಬಾಯಿ ಬಿಡದ ಗುರುಗಳಿಗೆ ಆ ಮಾತನ್ನು ಅಂಟಿಸಿದ. 747ರಲ್ಲಿ, ಜರ್ಮನ್ ನಾಡಿನಲ್ಲಿ ಧರ್ಮ ಸಾರುತ್ತಿದ್ದ ಇಂಗ್ಲೆಂಡಿನ ಸನ್ಯಾಸಿ ಬೊನಿಫೇಸ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಿಗೆ ಪತ್ರ ಬರೆಯುವಾಗಲೂ, ನಾವು ಮೂಕ ನಾಯಿಗಳಾಗುವುದು ಬೇಡ ಅಂದ.

ಯೋಚಿಸಿದರೆ, ಈ ಬೈಗುಳದ ಒಳಗೇ ಒಂದು ಗೌರವ ಇದೆ ಅಲ್ವಾ? ಬೊಗಳದಿರುವುದು ತಪ್ಪು ಅಂದರೆ, ಬೊಗಳುವುದು ಗುರುವಿನ ಕೆಲಸ ಅಂತಾಯಿತು. ಗ್ರೆಗರಿಯೇ ಇನ್ನೊಂದು ಕಡೆ, ಯೇಸು ಹೇಳಿದ ಕಥೆಯ ಬಡ ಲಾಜರನ ಹುಣ್ಣು ನೆಕ್ಕಿದ ನಾಯಿಗಳನ್ನು ಬೋಧಕರು ಅನ್ನುತ್ತಾನೆ. ನಾಯಿಯ ನಾಲಿಗೆ ಗಾಯ ಮಾಯಿಸುತ್ತದೆ, ಅವರ ಮಾತು ಮನಸ್ಸಿನ ಗಾಯ ಮಾಯಿಸುತ್ತದೆ.

ಬೀಡ್ ಬಂದದ್ದು ಇದೇ ದಾರಿಯಲ್ಲಿ. ಆದರೆ ಅವನು ನಾಯಿಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ದೇವದೂತನ ಜೊತೆ ದಾರಿ ನಡೆದ ಈ ನಾಯಿಯನ್ನು ಕೀಳಾಗಿ ಕಾಣಬಾರದು ಅನ್ನುತ್ತಾನೆ. ಅದು ಮುಂದೆ ಓಡಿದ್ದು ಯಾಕೆ? ಮೊದಲು ಗುರು ಬಂದು ಸುದ್ದಿ ಹೇಳುತ್ತಾನೆ, ಆಮೇಲೆ ದೇವರು ಬಂದು ಬೆಳಕು ಕೊಡುತ್ತಾನೆ. ಬಾಲ ಯಾಕೆ? ಬಾಲ ಅಂದರೆ ಮೈಯ ಕೊನೆ. ಒಳ್ಳೆಯ ಕೆಲಸವೊಂದು ಕೊನೆ ಮುಟ್ಟಿದ ಖುಷಿ ಅದು.

ಕುರುಡ ತೋಬಿತನನ್ನು ಅವನು ಯೆಹೂದ್ಯರಿಗೆ ಹೋಲಿಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಆ ಕಾಲದ ಕ್ರೈಸ್ತ ಬರಹದಲ್ಲಿ ಅದು ಮಾಮೂಲು. ಹಾಗಂತ ಓದುವಾಗ ನೋವಾಗದೆ ಇರುವುದಿಲ್ಲ.

ಬಾಲದ ಸಾಲು ಓದಿದಾಗ ನಮ್ಮ ಮೋತಿ ನೆನಪಾದ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಮೋತಿ ತಿರುವಿನವರೆಗೂ ಬಂದು ಒಂದು ಸಲ ನನ್ನ ಕೈ ಮೂಸಿ, ತಿರುಗಿ ಮನೆ ಕಡೆ ಓಡುತ್ತಿದ್ದ. ಅಜ್ಜಿಗೂ ಆಗ ಕಣ್ಣು ಮಂಜಾಗಿತ್ತು. ನಾನು ಅಂಗಳಕ್ಕೆ ಬರುವ ಹೊತ್ತಿಗೆ ಒಲೆ ಮೇಲೆ ಕಾಫಿ ನೀರು ಕುದಿಯುತ್ತಿರುತ್ತಿತ್ತು. ಹೇಗೆ ಗೊತ್ತಾಯ್ತು ಅಂದರೆ, "ಮೋತಿ ಬಾಲ ಬಾಗಿಲಿಗೆ ಬಡೀತಿತ್ತಲ್ಲ ಮಗಾ" ಅನ್ನುತ್ತಿದ್ದಳು.

ತೋಬಿತನ ಹೆಂಡತಿ ಅನ್ನಾ ದಿನಾ ದಾರಿ ಪಕ್ಕದ ಗುಡ್ಡದ ಮೇಲೆ ಕೂತು ಮಗನ ದಾರಿ ನೋಡುತ್ತಿದ್ದಳಂತೆ. ಬೀಡ್ ಬರೆದದ್ದನ್ನು ಮುಚ್ಚಿಟ್ಟು, ಅವಳು ಕೂತಿದ್ದ ಆ ಭಾಗವನ್ನು ಇನ್ನೊಂದು ಸಲ ಓದಿದೆ.