ಲೂಕಸ್ ನಾರ್ತ್‌ಗೆ ಮಾಡಿದ ಅನ್ಯಾಯ

ಗೂಢಚಾರರ ಸೀರಿಯಲ್ ಅಂದಮೇಲೆ ಒಳಗಿನವರೇ ಯಾರಾದರೂ ಕೈಕೊಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ವರ್ಷಗಟ್ಟಲೆ ನಾವು ಮೆಚ್ಚಿಕೊಂಡ ಮನುಷ್ಯನನ್ನು ತಲೆಬುಡವಿಲ್ಲದೆ ದ್ರೋಹಿ ಮಾಡಿದರೆ ಹೊಟ್ಟೆ ಉರಿಯುತ್ತದೆ. ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ5ರ ಕಥೆ ಹೇಳುವ ಬಿಬಿಸಿ ಸೀರಿಯಲ್ ‘ಸ್ಪೂಕ್ಸ್’ನಲ್ಲಿ ಅಲ್ಲಿನ ಅಧಿಕಾರಿ ಲೂಕಸ್ ನಾರ್ತ್‌ಗೆ ಆಗಿದ್ದು ಅದೇ.

ಲೂಕಸ್ ಬಂದಿದ್ದು 2008ರಲ್ಲಿ, ಏಳನೇ ಸೀಸನ್ನಿನಲ್ಲಿ. ಪಾತ್ರ ಮಾಡಿದವರು ರಿಚರ್ಡ್ ಆರ್ಮಿಟೇಜ್. ರಷ್ಯಾದ ಜೈಲಿನಲ್ಲಿ ಎಂಟು ವರ್ಷ ಕೊಳೆತು, ಮೈತುಂಬ ಹಚ್ಚೆ ಹೊತ್ತು ವಾಪಸ್ ಬರುತ್ತಾನೆ. ಎಂಟನೇ ಸೀಸನ್ನಿನಲ್ಲಿ ತನಗೆ ಚಿತ್ರಹಿಂಸೆ ಕೊಟ್ಟ ದರ್ಶಾವಿನ್ ಎದುರಿಗೇ ನಿಲ್ಲುತ್ತಾನೆ. ಆ ಮುಖದಲ್ಲಿ ಭಯ, ಸಿಟ್ಟು ಎರಡೂ ಒಟ್ಟಿಗೆ ಕಾಣುತ್ತವೆ. ಇವನು ಒಡೆದುಹೋಗಿದ್ದಾನೆ, ಆದರೂ ಬಗ್ಗಿಲ್ಲ ಅಂತ ನಾವು ನಂಬಿದ್ದು ಅಲ್ಲೇ.

2010ರ ಒಂಬತ್ತನೇ ಸೀಸನ್ನಿನಲ್ಲಿ ಹಳೇ ಪರಿಚಯದವನೊಬ್ಬ ಸೂಟ್‌ಕೇಸ್ ಹಿಡಿದು ಬರುತ್ತಾನೆ. ಇವನು ಲೂಕಸ್ಸೇ ಅಲ್ಲವಂತೆ, ಜಾನ್ ಬೇಟ್‌ಮನ್ ಅಂತೆ. ನಿಜವಾದ ಲೂಕಸ್‌ನನ್ನು ಕೊಂದು ಅವನ ಹೆಸರಲ್ಲಿ ಕೆಲಸಕ್ಕೆ ಸೇರಿದ್ದಂತೆ. ಸೆನೆಗಲ್‌ನ ಡಾಕರ್‌ನಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಸಿಡಿದ ಬಾಂಬಿನಲ್ಲೂ ಇವನ ಕೈ ಇದೆಯಂತೆ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ಕೆಲಸವೂ ಇರುವುದಿಲ್ಲ. ಕೊಡಗಿನ ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಕರೆಂಟ್ ಬಂದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ನಾನೂ ಅತ್ತಿಗೆಯೂ ಇದನ್ನು ನೋಡಿದ್ದೆವು. ಈ ಭಾಗ ಬಂದಾಗ ಅತ್ತಿಗೆ ತಡೆದು ಹೇಳಿದರು: “ಅಲ್ಲ ಮಾರಾಯ, ಅಷ್ಟು ಹೊಡೆದು ಬಡಿದರಲ್ಲ, ಆ ರಷ್ಯಾದವರಿಗೆ ಇವನ ನಿಜವಾದ ಹೆಸರೇ ಸಿಗಲಿಲ್ವಾ?”

ಸರಿಯಾದ ಪ್ರಶ್ನೆ. ಕಳ್ಳ ಹೆಸರಲ್ಲಿ ಒಳಗೆ ಸೇರಿದವನು ಆ ಸಂಸ್ಥೆಗಾಗಿ ಎಂಟು ವರ್ಷ ಯಾಕೆ ನರಳಿದ? ಅದಕ್ಕೊಂದು ಉತ್ತರ ಕೊಟ್ಟಿದ್ದರೆ ಕಥೆ ಎಷ್ಟೋ ಎತ್ತರಕ್ಕೆ ಹೋಗುತ್ತಿತ್ತು. ಸುಳ್ಳಿನಿಂದ ಶುರು ಮಾಡಿ ನಿಜವಾಗಿ ನಿಷ್ಠನಾದವನ ಕಥೆ ಆಗುತ್ತಿತ್ತು. ಅದು ಬಿಟ್ಟು ಹಳೇ ಪ್ರೇಮ, ಬ್ಲ್ಯಾಕ್‌ಮೇಲ್, ಕೊನೆಗೆ ಮಹಡಿಯಿಂದ ಜಿಗಿದು ಸಾವು. ಈಗ ಮತ್ತೆ ಏಳನೇ ಸೀಸನ್ ಹಾಕಿದರೆ ಆ ಹಿಂಸೆಯ ದೃಶ್ಯಗಳಿಗೇ ಅರ್ಥವಿಲ್ಲದ ಹಾಗೆ ಅನ್ನಿಸುತ್ತದೆ. ನನಗೆ ಜಾಸ್ತಿ ನೋವಾಗುವುದು ಅದಕ್ಕೇ.

ಈ ಸೀರಿಯಲ್ ತಂಡಕ್ಕೆ ನಂಬುವಂಥ ದ್ರೋಹದ ಕಥೆ ಮಾಡಲು ಬರುತ್ತಿರಲಿಲ್ಲ ಅಂತಲ್ಲ. ಏಳನೇ ಸೀಸನ್ನಿನ ಕಾನಿಯನ್ನು ನೋಡಿ. ಶೀತಲ ಸಮರದ ಕಾಲದಿಂದ ಎಂಐ5ನಲ್ಲಿದ್ದ ಹಳೇ ಕೈ. ಅವಳು ರಷ್ಯಾದವರ ಕಡೆಯವಳು ಅಂತ ಗೊತ್ತಾದಾಗ ಎದೆ ಧಸಕ್ಕೆಂದಿತು, ಆದರೆ ಸುಳ್ಳು ಅನ್ನಿಸಲಿಲ್ಲ. ಅವಳ ವಯಸ್ಸು, ಆ ಕಾಲ, ಅವಳ ಬಿಗಿ ಮಾತು ಎಲ್ಲ ಅದಕ್ಕೆ ಹೊಂದುತ್ತಿತ್ತು.

ಪಕ್ಷ ಬದಲಿಸುವುದು ಎಷ್ಟು ದೊಡ್ಡ ವಿಷಯ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1834ರಲ್ಲಿ ಕೊಡಗಿನ ದಿವಾನ ಅಪ್ಪಾರಂಡ ಬೋಪು ಬ್ರಿಟಿಷ್ ಸೇನೆಯ ಜೊತೆ ಮಡಿಕೇರಿಗೆ ಬಂದರು. ಅದು ದ್ರೋಹವೋ, ನಾಡು ಉಳಿಸುವ ದಾರಿಯೋ ಅಂತ ನಮ್ಮಲ್ಲಿ ಇವತ್ತಿಗೂ ಮಾತಾಗುತ್ತದೆ. ಯಾಕೆಂದರೆ ಅದರ ಹಿಂದೆ ವರ್ಷಗಳ ಕಥೆ ಇದೆ. ಆಗಿನ ದೊರೆ ಚಿಕ್ಕವೀರರಾಜ ಸ್ವಂತ ಬಂಧುಗಳನ್ನೇ ಕೊಲ್ಲಿಸಿದ್ದ. ತಂಗಿ ದೇವಮ್ಮಾಜಿ, ಅವಳ ಗಂಡ ಚನ್ನಬಸವ ಮೈಸೂರು ಸೀಮೆಗೆ ಓಡಿಹೋಗಿದ್ದರು. ಬೋಪು ಬಗ್ಗೆ ನೀವು ಏನೇ ಅನ್ನಿ, ಕಾರಣ ಹುಡುಕುತ್ತಾ ಅಲೆಯಬೇಕಿಲ್ಲ.

ಅಮೆರಿಕದ ‘24’ ಸೀರಿಯಲ್‌ನಲ್ಲಿ ಭಯೋತ್ಪಾದಕರ ವಿರುದ್ಧ ಹೋರಾಡುವ ಟೋನಿ ಅಲ್ಮೇಡಾಗೂ ಹೀಗೇ ಮಾಡಿದರು. ಐದನೇ ಸೀಸನ್ನಿನಲ್ಲಿ ಸತ್ತವನು ಏಳನೆಯದರಲ್ಲಿ ಬದುಕಿ ಬಂದ. ಮೊದಲು ಕೆಟ್ಟವನು, ಆಮೇಲೆ ವೇಷ ಹಾಕಿದ ಒಳ್ಳೆಯವನು, ಕೊನೆಗೆ ಮತ್ತೆ ಕೆಟ್ಟವನು. ಹೆಂಡತಿ ಮಿಶೆಲ್‌ಳನ್ನು ಕೊಲ್ಲಿಸಿದವನ ಮೇಲೆ ಸೇಡು ಅನ್ನುವುದೇನೋ ಒಪ್ಪುವ ಮಾತೇ. ಆದರೆ ಗಾಯಗೊಂಡು ಬಿದ್ದ ಎಫ್‌ಬಿಐ ಅಧಿಕಾರಿ ಲ್ಯಾರಿ ಮಾಸ್‌ನ ಉಸಿರುಗಟ್ಟಿಸಿ ಕೊಲ್ಲುವ ಟೋನಿ, ನಮಗೆ ಗೊತ್ತಿದ್ದ ಟೋನಿ ಅಲ್ಲವೇ ಅಲ್ಲ. ಮಿಶೆಲ್‌ ಮೇಲಿನ ಪ್ರೀತಿಯಿಂದಲೇ ನಾವು ಅವನನ್ನು ಹಚ್ಚಿಕೊಂಡಿದ್ದು. ಅದನ್ನೇ ಕೊಲೆಗೆ ನೆಪ ಮಾಡಿದರಲ್ಲ!

‘ಸ್ಪೂಕ್ಸ್’ ಇನ್ನೂ ನೋಡದವರಿದ್ದರೆ ಏಳು, ಎಂಟು ಖಂಡಿತ ನೋಡಿ. ಒಂಬತ್ತನ್ನೂ ಆರ್ಮಿಟೇಜ್‌ಗೋಸ್ಕರ ನೋಡಬಹುದು, ಆ ಮನುಷ್ಯ ಕೊನೆಯವರೆಗೂ ಪ್ರಾಣ ಕೊಟ್ಟು ಮಾಡಿದ್ದಾರೆ. ಅತ್ತಿಗೆಯಂತೂ ಎಂಟಕ್ಕೇ ನಿಲ್ಲಿಸಿ ಅಂತ ಎಲ್ಲರಿಗೂ ಹೇಳುತ್ತಾರೆ.